ಸ್ಟೀಲ್ ಡಬ್ಬಿಯ ಮಾತ್ರೆಗಳು

11 ಫೆಬ್ರುವರಿ 2026, ಬುಧವಾರ. ಚಿತ್ತಾಪುರ.

ಇವರ ಆಪರೇಶನ್ ಮತ್ತೆ ಮುಂದೆ ಹೋಯಿತು. ಮಗನಿಗೆ ಕಿಡ್ನಿ ಕೊಡಲು ಅತ್ತೆ ತಯಾರಾಗಿ ಕುಳಿತಿದ್ದಾರೆ, ಎಲ್ಲ ತಪಾಸಣೆಯಲ್ಲೂ ಹೊಂದಾಣಿಕೆಯಾಗಿದೆ. ಆದರೆ ಇವರ ಮೂತ್ರದಲ್ಲಿ ಸಿಕ್ಕ ರೋಗಾಣು ಯಾವ ಔಷಧಕ್ಕೂ ಬಗ್ಗುತ್ತಿಲ್ಲವಂತೆ. ಅದು ಒಳಗಿರುವಾಗ ಕಿಡ್ನಿ ಹಾಕಿದರೆ ಜೀವವೇ ಉಳಿಯುವುದಿಲ್ಲವಂತೆ.

"ಆ್ಯಂಟಿಬಯಾಟಿಕ್ ಗುಳಿಗಿ ಕೊಟ್ಟಾಗೆಲ್ಲ ಪೂರಾ ಮುಗಸ್ತಿದ್ರೇನ್ರಿ ಅಕ್ಕಾರ?" ಎಂದು ಕೇಳಿದರು ಕಲಬುರಗಿಯ ಡಾಕ್ಟರು.

ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಕ್ಕೇ ಪಳಗಿಬಿಡುತ್ತದಂತೆ. ಇವರ ಜ್ವರ ಇಳಿದ ಮರುದಿನವೇ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಸ್ಟೀಲ್ ಡಬ್ಬಿಯಲ್ಲಿ ತೆಗೆದಿಡುತ್ತಿದ್ದವಳು ನಾನೇ. ಮುಂದಿನ ಜ್ವರಕ್ಕೆ ಅದರಲ್ಲೇ ಎರಡು ಕೊಡುತ್ತಿದ್ದೆ. ನನ್ನ ತವರೂರು ಕೊಡ್ಲಿಯಿಂದ ಯಾರಾದರೂ ಬಂದರೆ ಅವರಿಗೂ ಕಟ್ಟಿ ಕೊಡುತ್ತಿದ್ದೆ. ಭಾಳ ಶಾಣ್ಯಾಕಿ ಅನ್ನಿಸಿಕೊಂಡಿದ್ದೆ. ಥೂ ನನ್ನ ಶಾಣ್ಯಾತನಕ್ಕೆ.

ಸಂಜೆ ಮನೆಗೆ ಬಂದವಳೇ ಆ ಡಬ್ಬಿ ಬಿಸಾಡಲು ಕೈಗೆತ್ತಿಕೊಂಡೆ. ಹಗುರವಿತ್ತು. ತೆರೆದರೆ ಒಂದೂ ಮಾತ್ರೆಯಿಲ್ಲ.

"ಅವು ನಾನೇ ತಗೊಂಡೀನವಾ, ದಿನಾ ಒಂದೊಂದು," ಎಂದರು ಅತ್ತೆ, ರೊಟ್ಟಿ ಬಡಿಯುತ್ತಲೇ. "ಒಳಗ ಏನರ ಹೊಲಸಿದ್ರ ಹೋಗ್ಲಿ ಅಂತ. ಮಗಗ ಕೊಡೋದು ಚೊಲೋದೇ ಕೊಡಬೇಕಲ್ಲ?"

ಅವರು ಹಾಕಿದ ಬಿಸಿ ರೊಟ್ಟಿ ತಿಂದು ಎದ್ದೆ.

ಇವರಿಗೆ ಮತ್ತೆ ಚಳಿಜ್ವರ ಬಂದಿದೆ. ಎರಡು ಕಂಬಳಿ ಹೊದಿಸಿದ್ದೇನೆ, ಕೊಡಲು ಮನೆಯಲ್ಲಿ ಏನೂ ಇಲ್ಲ. ಇದ್ದರೂ ಈ ರೋಗಾಣುವಿಗೆ ಹತ್ತುವುದಿಲ್ಲ. ನಾಳೆ ಡಾಕ್ಟರಿಗೆ ಫೋನ್ ಮಾಡಿ ಅತ್ತೆಯ ವಿಷಯ ಹೇಳಬೇಕು. ಹೇಳಿದರೆ, ಅವರೊಳಗೂ ಅಂಥದೇ ರೋಗಾಣು ಬೆಳೆದಿರಬಹುದೆಂದು ಅವರ ಕಿಡ್ನಿಯೂ ಬೇಡ ಎಂದಾರು. ಹೇಳದಿದ್ದರೆ…