ತೆರೆದ ಬಾಗಿಲು, ತೆರೆದ ಗೋರಿ

ಮಾರ್ಚ್ ೨೨

ಇವತ್ತೂ ಬೇಯಿಸಿದ ಕಾಳು. ಎಣ್ಣೆಯಿಲ್ಲ, ಉಪವಾಸದ ದಿನಗಳು. ಪಕ್ಕದ ತುರ್ಕರ ಡೇರೆಯಿಂದ ಕುರಿಮಾಂಸದ ವಾಸನೆ. ಈಟಿ ಉಜ್ಜಿದೆ. ಯಾರ ಮೇಲೆ ಎತ್ತಲು...

ಬರೆಯಲೇಬೇಕು. ಈಟಿ ಎತ್ತುವುದು ಫಿಲಡೆಲ್ಫಿಯಾದ ಮೇಲೆ. ಏಷ್ಯಾದಲ್ಲಿ ನಮ್ಮದೆಂದು ಉಳಿದಿರುವ ಕೊನೆಯ ಊರು. ತುರ್ಕರ ಸುಲ್ತಾನ ದಂಡು ಕೇಳಿದ, ನಮ್ಮ ಕ್ರೈಸ್ತ ಚಕ್ರವರ್ತಿ ಕಪ್ಪದ ಜೊತೆ ನಮ್ಮನ್ನೂ ಕಳಿಸಿದ. ನಮ್ಮ ಶಿಲುಬೆಯ ಬಾವುಟ ಕಂಡು ಊರಿನವರು ಗಂಟೆ ಬಾರಿಸಿದರು. ನೆರವು ಬಂತು ಅಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಗಂಟೆ ನಿಂತಿತು.

ಮಾರ್ಚ್ ೨೫

ಚರ್ಮ ಹದಮಾಡುವ ಮುದುಕನೊಬ್ಬ ದಿನಾ ಕೋಟೆಗೋಡೆಯ ಮೇಲೆ ಬರುತ್ತಾನೆ. "ಏನ್ರಪ್ಪಾ, ಸುಲ್ತಾನನ ಬೀಗರೇ, ಊಟ ಆಯ್ತಾ?" ನಮ್ಮವರೇ ನಕ್ಕರು.

ಆಮೇಲೆ ಒಂದು ಕಾಗದ ಬಿಚ್ಚಿ ಓದಿದ. "ತೆರೆದ ಬಾಗಿಲಿಗಿಂತ ತೆರೆದ ಗೋರಿ ಮೇಲು."

ನನ್ನ ಸಾಲು. ಎರಡು ವರ್ಷದ ಹಿಂದೆ, ಸಿಕ್ಕ ಸಿಕ್ಕ ಕರಪತ್ರ ಓದಿ ರಕ್ತ ಕುದಿದು, ತುರ್ಕರಿಗೆ ಊರ ಬಾಗಿಲು ತೆರೆಯಬೇಡಿ ಅಂತ ನಾನೂ ಒಂದು ಬರೆದೆ. ನಲವತ್ತು ಪ್ರತಿ, ಎಲ್ಲ ಕೈಯಲ್ಲೇ. ಕೆಳಗೆ ನನ್ನ ಹೆಸರು. ಒಂದು ಇಲ್ಲಿಗೆ ಬಂದಿದೆ.

ಅವನ ಗೋಡೆಯ ಕೆಳಗೆ ನಿಂತು, ಕೈಯಲ್ಲಿ ಈಟಿ ಹಿಡಿದು, ನನಗೆ ಮೊದಲು ಆದದ್ದು ಹೆಮ್ಮೆ.

ಮಾರ್ಚ್ ೩೦

ದಳಪತಿ ಪ್ರೊಡ್ರೊಮೊಸ್ ಕರೆಸಿದ. ನಾನು ಚರ್ಚಿನಲ್ಲಿ ಪಾಠ ಓದುತ್ತಿದ್ದವ, ಧ್ವನಿ ನಂಬುವಂಥದ್ದು ಅಂತೆ. ಭಾನುವಾರ ಪುನರುತ್ಥಾನದ ಹಬ್ಬ. ಬೆಳಿಗ್ಗೆ ಚರ್ಮದವರ ಕೇರಿಯ ಕಿರುಬಾಗಿಲಿಗೆ ಒಬ್ಬನೇ ಹೋಗಿ ಹಬ್ಬದ ಮಾತಾಡಿ ತೆರೆಸಬೇಕು. ಹಿಂದೆ ಕಂದಕದಲ್ಲಿ ಮೂವತ್ತು ಜನ. ಆ ದಿನ ಯಾರೇ 'ಕ್ರಿಸ್ತ ಎದ್ದಿದ್ದಾನೆ' ಎಂದರೂ 'ನಿಜವಾಗಿಯೂ ಎದ್ದಿದ್ದಾನೆ' ಅನ್ನದ ಬಾಯಿ ನಮ್ಮಲ್ಲಿಲ್ಲ.

ಆಗಲ್ಲ ಅಂದೆ. ಅವನು ಬೈಯಲಿಲ್ಲ. "ಬರೆಯೋ ಕೈಯೇ ಬೇರೆ, ಮಾಡೋ ಕೈಯೇ ಬೇರೆ, ಗೊತ್ತು ಮಗಾ."

ಒಪ್ಪಿಕೊಂಡೆ. ಆದರೆ ಅಲ್ಲಿ ಹೋಗಿ 'ತೆರೀಬೇಡ' ಅಂತ ಕೂಗುತ್ತೇನೆ. ಒಂದೇ ಪದ. ಬೆನ್ನಿಗೆ ಬಾಣ ಬೀಳಲಿ.

ಏಪ್ರಿಲ್ ೩, ಬೆಳಕು ಹರಿಯುತ್ತಿದೆ

ಹೊರಟೆ. ಒಂದೇ ಪದ.

ಏಪ್ರಿಲ್ ೬

ಬದುಕಿದ್ದೇನೆ. ಮಿಕ್ಕದ್ದು ಅದರಲ್ಲೇ ಇದೆ.

ಯಾರಪ್ಪಾ ಅಂತ ಒಳಗಿನಿಂದ ಆ ಮುದುಕನೇ ಕೇಳಿದ. ಪದ ನಾಲಿಗೆಯ ತುದಿಯಲ್ಲಿತ್ತು. ಮೊದಲು ಹೆಸರು ಹೇಳಿದೆ. ಅಕಾಕಿಯೋಸ್. ಎಚ್ಚರಿಸಿ ಸತ್ತವನು ಯಾರೆಂದು ತಿಳಿದಿರಲಿ ಅಂತ...

"ಯಾವ ಅಕಾಕಿಯೋಸ್? ಆ ಕಾಗದ ಬರೆದವರಾ?"

"ಹೌದು."

"ಅಯ್ಯೋ ಸ್ವಾಮಿ, ನಿಮ್ಮನ್ನ ಹೊರಗೆ ನಿಲ್ಲಿಸ್ತೀನಾ ನಾನು."

ಅಗಳಿ ತುಕ್ಕು ಹಿಡಿದಿತ್ತು. ಮುದುಕನ ಕೈ. ಎಳೆದ, ನಿಂತ, ಮತ್ತೆ ಎಳೆದ. ಅಷ್ಟು ಹೊತ್ತು ಇತ್ತು ನನಗೆ. ಆ 'ಸ್ವಾಮಿ', ಆ 'ನಿಮ್ಮನ್ನ' — ಅದನ್ನೇ ಕೇಳಿಸಿಕೊಳ್ಳುತ್ತ ನಿಂತಿದ್ದೆ.

ಸಂದಿಯಿಂದ ಕೈ ಚಾಚಿ ಹಬ್ಬದ ಕೆಂಪು ಮೊಟ್ಟೆ ಕೊಟ್ಟ. "ಕ್ರಿಸ್ತ ಎದ್ದಿದ್ದಾನೆ." ಉತ್ತರ ಕೊಡಲು ಬಾಯಿ ತೆರೆದೆ. ಹಿಂದೆ ಕಂದಕದಲ್ಲಿದ್ದವರು ನನ್ನನ್ನು ದಾಟಿಕೊಂಡು ಒಳಗೆ ಹೋದರು.

ಏಪ್ರಿಲ್ ೯

ಪ್ರೊಡ್ರೊಮೊಸ್ ಬೆನ್ನು ತಟ್ಟಿದ. ಇಷ್ಟು ದೊಡ್ಡ ಊರಿಗೆ ಸತ್ತವರು ಹನ್ನೊಂದೇ ಜನ ಅಂತೆ. ಮೊದಲನೆಯವನ, ಆ ಬಾಗಿಲ ಮುದುಕನ, ಹೆಸರು ಕೇಳಿದೆ. ಯಾರಿಗೂ ಗೊತ್ತಿಲ್ಲ.

ಕಿರುಬಾಗಿಲಿಗೆ ಹೋಗಿದ್ದೆ. ಒಳಬದಿಗೆ ಮುದುಕ ನನ್ನ ಕಾಗದ ಅಂಟಿಸಿದ್ದ. ಹೆಸರಿದ್ದ ತುಂಡು ಕಿತ್ತುಕೊಂಡು ಬಂದೆ. ಚರ್ಮದವರ ಅಂಟು ಗಟ್ಟಿ, ಅರ್ಧ ಹೆಸರು ಅಲ್ಲೇ ಉಳಿಯಿತು.

ಮೊಟ್ಟೆ ಚೀಲದಲ್ಲಿದೆ, ಒಡೆದಿಲ್ಲ. ಅವನಿಗೆ ಕೊಡಬೇಕಾದ ಉತ್ತರ ಬಾಯಲ್ಲೇ ಇದೆ. ಇಲ್ಲಾದರೂ ಬರೆದು ಮುಗಿಸೋಣ ಅಂತ ಕೂತೆ.

ನಿಜವಾಗಿಯೂ