ಬುಧವಾರದ ಧ್ವನಿ

ತೇಲುಮಲ್ಪೆ,
ಕ್ರಿ.ಶ. 2419, ಮಂಜುತಿಂಗಳ ಮೂವತ್ತೈದನೇ ದಿನ

ಉಡುಪಿಯ ಜೆಮೀಮಾ ಕರ್ಕಡ ಅವರಿಗೆ, ಹದಿನಾಲ್ಕು ತಲೆಮಾರು ಕಳೆದ ಮೊಮ್ಮಗಳು ಕೆಜೀಯಾಳ ವಂದನೆಗಳು.

ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಅವುಗಳಲ್ಲಿ ಎಷ್ಟೋ ನೀವು ಹೋದ ಮೇಲೆ ಹುಟ್ಟಿದವು. ಕಾಲದಲ್ಲಿ ಹಿಂದಕ್ಕೆ ಕಳಿಸುವ ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಅವಕಾಶ. ತಲುಪಿತೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲ. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರೆ.

ನಮ್ಮ ಊರು ಸಮುದ್ರದ ಮೇಲೆ ತೇಲುತ್ತದೆ. ಬೆಳಿಗ್ಗೆ ಮಂಜುಬಲೆಗಳಿಂದ ಕುಡಿಯುವ ನೀರು ಇಳಿಸಿಕೊಂಡು ಪಾಚಿಹಿಟ್ಟಿನ ದೋಸೆ ತಿನ್ನುತ್ತೇವೆ. ಅದರ ರುಚಿಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ನನ್ನ ಕೆಲಸ ಪಚ್ಚಿಲೆ ಎಂಬ ಕಡಲಚಿಪ್ಪು ಸಾಕುವುದು. ಚಿಪ್ಪಿನ ಮರಿಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ ಐದು ತಿಂಗಳು ಬಿಡಬೇಕು. ಹಗ್ಗಕ್ಕೆ ಅಂಟಿಕೊಂಡವೋ ಇಲ್ಲವೋ ಎಂದು ಎತ್ತೆತ್ತಿ ನೋಡಿದರೆ ಉದುರಿಹೋಗುತ್ತವೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಮನುಷ್ಯರ ವಿಷಯದಲ್ಲಿ ಇನ್ನೂ ಹೆಚ್ಚು. ಪಕ್ಕದ ಮನೆಯ ತನಿಯನಿಗೆ ಯೇಸುವಿನ ವಿಷಯ ಹೇಳಿದೆ. ಆಮೇಲೆ ದಿನಾ ಏನು ತೀರ್ಮಾನ ಮಾಡಿದೆ ಎಂದು ಕೇಳಿದೆ. ಕಡೆಗೆ ನನ್ನ ಕಾಟ ತಾಳಲಾರದೆ ಅವನು ಹೂಂ ಎಂದ, ಅವನು ನಂಬಿದನೆಂದು ನಾನು ಸಭೆಯಲ್ಲಿ ಎದ್ದುನಿಂತು ಸಾರಿದೆ. ಮರುವಾರ ಅವನು ತೇಲುಮನೆಯನ್ನೇ ಬಿಚ್ಚಿಕೊಂಡು ಆಚೆ ಸಾಲಿಗೆ ಹೋಗಿ ಕಟ್ಟಿಕೊಂಡ. ನನಗೆ ಈಗಲೂ ನಾಚಿಕೆಯಾಗುತ್ತದೆ.

ನಿಮ್ಮ ಕಾಲದ ಫೋನಿನ ಮಾತುಗಳನ್ನು ನಾವು ಧ್ವನಿಗೂಡಿನಲ್ಲಿ ಕಾಪಾಡಿದ್ದೇವೆ. ನೀವು ಸೋಮವಾರ ತಂಗಿಗೆ ಕಳಿಸಿದ ಸಂದೇಶ ಅಲ್ಲಿ ಸಿಕ್ಕಿತು. ಅದರಿಂದ ತಿಳಿದದ್ದು ಇಷ್ಟು: ಸ್ಯಾಕ್ಸೋಫೋನ್ ನುಡಿಸುತ್ತಿದ್ದ ದೂಮಣ್ಣ ಸೇರಿಗಾರರ ಶ್ವಾಸಕೋಶ ಕೆಟ್ಟಿದೆ. ನೀವು ಅವರ ಮನೆಗೆ ಹೋಗುವ ನರ್ಸ್.

“ಎರಡು ವರ್ಷದಿಂದ ಅವರಿಗೆ ಯೇಸುವಿನ ವಿಷಯ ಹೇಳ್ತಾ ಇದ್ದೇನೆ ಮಾರಾಯ್ತಿ. ಎಲ್ಲಾ ಕೇಳ್ತಾರೆ, ಆಮೇಲೆ ಚಾ ಕುಡಿ ಅಂತಾರೆ, ಅಷ್ಟೆ. ಇನ್ನು ಹೆಚ್ಚು ದಿನ ಇಲ್ಲ ಅವರಿಗೆ. ನಾಳೆ ಹೌದು ಅನ್ನಿಸಿಯೇ ಬರುವುದು ನಾನು. ಇಲ್ಲದಿದ್ರೆ ದೇವರಿಗೆ ಏನು ಉತ್ತರ ಕೊಡುವುದು?”

ಹೇಳುತ್ತಾ ನೀವು ಅತ್ತಿದ್ದೀರಿ. ಕೇಳಿ ನಾನೂ ಅತ್ತೆ. ಅದಕ್ಕೇ ಈ ಓಲೆ ಸೋಮವಾರ ಸಂಜೆಗೆ ತಲುಪಲಿ ಎಂದು ಬರೆಯುತ್ತಿದ್ದೇನೆ.

ದಯವಿಟ್ಟು ಅವರಿಂದ ಹೌದು ಅನ್ನಿಸಬೇಡಿ. ಉಸಿರಿಗೇ ಕಷ್ಟಪಡುವವರು ನಿಮ್ಮ ಮನಸ್ಸು ನೋಯಬಾರದೆಂದು ಹೂಂ ಅಂದಾರು. ಹೇಳುವುದು ನಿಮ್ಮ ಪಾಲಿನದು; ಹೇಳಿದ್ದೀರಿ. ಅವರೊಳಗೆ ಆಗಬೇಕಾದದ್ದು ದೇವರ ಕೈಯಲ್ಲಿದೆ, ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ನಾಳೆ ಅವರು ಕೇಳಿದರೆ ಇನ್ನೊಮ್ಮೆ ಹೇಳಿ. ಕೇಳದಿದ್ದರೆ ಹತ್ತಿರ ಕುಳಿತು ಚಾ ಕುಡಿಯಿರಿ.

ನಿಮಗಿನ್ನೂ ಬಂದಿರದ ಬುಧವಾರ ನೀವು ಕಳಿಸಿದ ಇನ್ನೊಂದು ಧ್ವನಿಯೂ ಗೂಡಿನಲ್ಲಿದೆ. ನಾಲ್ಕು ನಿಮಿಷದ್ದು. ಬೆರಳಿಟ್ಟರೆ ಸಾಕು, ದೂಮಣ್ಣ ಏನಂದರೆಂದು ಗೊತ್ತಾಗುತ್ತದೆ. ಮೂರು ದಿನದಿಂದ ಅದರ ಮುಂದೆ ಕುಳಿತಿದ್ದೇನೆ, ಸುಳ್ಳೇಕೆ ಹೇಳಲಿ, ಕೈ ತುರಿಸುತ್ತಿದೆ. ಆದರೆ ಅದೂ ಹಗ್ಗ ಎತ್ತಿ ನೋಡಿದಂತೆಯೇ; ನಿಮಗೆ ಬೇಡವೆಂದದ್ದನ್ನು ನಾನು ಮಾಡಬಾರದು.

ಓಲೆ ಕಳಿಸಿ, ಆಚೆ ಸಾಲಿಗೆ ಹೋಗಿ ತನಿಯನ ಕ್ಷಮೆ ಕೇಳುತ್ತೇನೆ. ಅವನು ಬಾಗಿಲು ತೆರೆಯುತ್ತಾನೋ ಇಲ್ಲವೋ ತಿಳಿಯದು. ಬುಧವಾರದ ಧ್ವನಿಯನ್ನು ಕೇಳದೆಯೇ ಗೂಡಿನ ಬಾಗಿಲು ಹಾಕುತ್ತಿದ್ದೇನೆ.

ನಿಮ್ಮವಳೇ ಆದ,
ಕೆಜೀಯಾ