ತೊಂಬತ್ತೆಂಟು ಅಂಕದ ಹಾಡು

ಅಕ್ಟೋಬರ್ 18, ಶನಿವಾರ. ನಸುಕಿನ 2:20.

ಮೊಬೈಲಿನ ಟಿಂಗ್ ಸದ್ದಿಗೆ ಎಚ್ಚರವಾಯಿತು. ಅಕ್ಕನೇ ಇರಬೇಕೆಂದು ಬಾಚಿ ಎತ್ತಿಕೊಂಡೆ. ಅಲ್ಲ, ಅವಳ ಹಾಡಿಗೆ ಯಾರೋ ಇನ್ನೊಂದು ಹೃದಯ ಒತ್ತಿದ್ದರು. ಪುಟ್ಟಿ ಬೆಚ್ಚಿ ಅತ್ತು, ಮೊಲೆ ಕಚ್ಚಿಕೊಂಡೇ ಮಲಗಿದಳು. ನನಗಿನ್ನು ನಿದ್ದೆಯಿಲ್ಲ.

ಪ್ರತಿ ಶುಕ್ರವಾರ, ಕುವೈತಿನಲ್ಲಿ ತಾನು ಕೆಲಸಕ್ಕಿರುವ ಮನೆಯವರು ಹೊರಗೆ ಹೋದಾಗ ನಮ್ಮಕ್ಕ ಲುಡಿವಿನಾ, ನನ್ನ ಬಾಯಲ್ಲಿ 'ಮನಾಂಗ್', ಅಲ್ಲಿನ ಅಡುಗೆಮನೆಯಿಂದ ವಿಡಿಯೊ ಕರೆಯಲ್ಲಿ ಕದ್ದು ಹಾಡುತ್ತಾಳೆ. ಇಲ್ಲಿ ಫಿಲಿಪೀನ್ಸಿನ ಇಲೊಯಿಲೊದ ನಮ್ಮ ಅಂಗಳದಲ್ಲಿ ನಾನು ಫೋನನ್ನು ಕರೋಕೆ ಯಂತ್ರದ ಮೈಕಿಗೆ ಹಿಡಿಯುತ್ತೇನೆ. ಯಂತ್ರ ಅಂಕ ಕೊಡುತ್ತದೆ.

"ಮನೆಯವ್ರಿಗಷ್ಟೇ ಕಣೇ. ನನ್ ಮುಖ ಎಲ್ಲೂ ಹಾಕ್ಬೇಡ," ಎಂದು ಪ್ರತಿ ಸಲ ಹೇಳುತ್ತಾಳೆ.

ನಿನ್ನೆ ಹಾಕಿದೆ. ಊರಿನವರ ಗುಂಪಿನಲ್ಲಿ, ನೇರಪ್ರಸಾರ. ಇಂಥ ದನಿ ನಮ್ಮ ಮನೆಯದು ಎಂಬ ಜಂಬ ನನಗೆ.

ಗಂಟೆ ಕಳೆದು ಕೊನೆಯ ಹಾಡು ಮುಗಿಯುವ ಹೊತ್ತಿಗೆ ಒಂದು ಕಿರುಚು, ಏನೋ ಬಿದ್ದ ಸದ್ದು. ಕರೆ ಕಡಿಯಿತು. ಯಂತ್ರ ಮಾತ್ರ ತುತ್ತೂರಿ ಊದಿ ತೊಂಬತ್ತೆಂಟು ಕೊಟ್ಟಿತು.

"ಹಲ್ಲಿ ಕಂಡ್ಳೇನೋ! ನನ್ ಮಗಳ ಕಿರುಚಾಟಕ್ಕೂ ಮಾರ್ಕ್ಸು ನೋಡ್ರೋ!" ಎಂದು ಅಮ್ಮ ನಕ್ಕಳು. ನೆರೆಯವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಪ್ರಸಾರ ನಡೆಯುತ್ತಿದ್ದಾಗಲೇ ಜನ ಹಾಡಿನ ಕೆಳಗೆ ಬರೆದದ್ದನ್ನು ಈಗ ಓದುತ್ತಿದ್ದೇನೆ. ಯಾರೋ ನಮ್ಮೂರಿನವಳೇ: "ಅಯ್ಯೋ, ಈ ಅಡುಗೆಮನೆ ನಂಗೊತ್ತು! ಮೊದ್ಲು ಅಲ್ಲೇ ಕೆಲ್ಸಕ್ಕಿದ್ದೆ. ಎಷ್ಟ್ ಚೆನ್ನಾಗ್ ಹಾಡ್ತಾಳೆ ನೋಡಿ ಅಂತ ಮೇಡಮ್ಮಿಗೂ ಕಳಿಸ್ದೆ."

ಅವಳದೂ ನನ್ನ ಹಾಗೆಯೇ, ಪ್ರೀತಿ.

ಹದಿನೇಳು ಸಲ ಕರೆ ಮಾಡಿದೆ. ಅಕ್ಕನ ಫೋನ್ ಆಫ್ ಆಗಿದೆ. ಪ್ರಸಾರವನ್ನು ಅಳಿಸಬೇಕು. ಅಳಿಸುವ ಬದಲು ಆ ಕಿರುಚು ಅವಳದೋ ಮೇಡಮ್ಮಿನದೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದೇನೆ.

ಅವಳದೇ.

ಮನಾಂಗ್, ಅಮ್ಮ ಐದಕ್ಕೆ ಏಳುತ್ತಾಳೆ, ನಿನ್ನ ಸುದ್ದಿ ಕೇಳುತ್ತಾಳೆ. ಅಷ್ಟರೊಳಗೆ ಒಂದು ಕರೆ ಮಾಡೇ. ನನ್ನನ್ನು ಬೈಯುವುದಕ್ಕಾದರೂ ಮಾಡೇ